ಕ್ರೋಶಾದ ಮೊಲ

ಬೆಂಗಳೂರಿನ ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಲೇಸು, ಗುಂಡಿ, ದಾರದ ಅಂಗಡಿಗಳಲ್ಲಿ ಕ್ರೋಶಾ ಕಡ್ಡಿ ಸಿಗುತ್ತದೆ. ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಸಾಕು. ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ಮೆಟ್ರೋದಲ್ಲಿ ಕೂತೇ ಕೂದಲ ಕ್ಲಿಪ್ಪಿಗೊಂದು ಪುಟ್ಟ ಹೂ ಹೆಣೆಯಬಹುದು.

ನನಗೆ ಗೊಂಬೆಗಳೇ ಹೆಚ್ಚು ಇಷ್ಟ. ಜಪಾನಿನವರು ಅಮಿಗುರುಮಿ ಎನ್ನುವ ಈ ಬಗೆಯಲ್ಲಿ ಮೊಲದ ತಲೆ ಶುರುವಾಗುವುದು ಎಳೆದರೆ ಬಿಗಿಯುವ ದಾರದ ಉಂಗುರದಿಂದ. ಅದರೊಳಗೆ 6 ಕುಣಿಕೆ. ಮುಂದಿನ ಸುತ್ತಿಗೆ 12, ಆಮೇಲೆ 18, 24. ಹೆಚ್ಚಿಸುವುದನ್ನು ನಿಲ್ಲಿಸಿ ಸುತ್ತು ಹಾಕುತ್ತ ಹೋದರೆ ಚಪ್ಪಟೆ ಬಿಲ್ಲೆ ಬಟ್ಟಲಾಗಿ ಬಾಗುತ್ತದೆ. ಅದನ್ನು ಎಷ್ಟು ಸಲ ಕಂಡರೂ ತಣಿಯುವುದಿಲ್ಲ. ಒಳಗೆ ಹತ್ತಿ ತುಂಬಿ, ಕುಣಿಕೆ ಇಳಿಸುತ್ತ ಬಾಯಿ ಮುಚ್ಚಬೇಕು. ಹಸುಗೂಸಿನ ಗೊಂಬೆಗೆ ಮಾತ್ರ ಮಣಿಯ ಕಣ್ಣು ಬೇಡವೇ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡೀತು. ಕಪ್ಪು ದಾರದಲ್ಲೇ ಹೊಲಿಯಿರಿ.