ನಾಯಿಗಳ ಕರುಳುಬೇನೆ ಮತ್ತು ಉತ್ಕರ್ಷಣ ಒತ್ತಡ: ಒಂದು ವಿಮರ್ಶೆ

ಭದ್ರಾವತಿಯ ಓಲ್ಡ್ ಟೌನಿನ ಮನೆಯೊಂದರಲ್ಲಿ ಮೂರು ತಿಂಗಳ ನಾಯಿಮರಿ ವಾಂತಿ ಹಾಗೂ ರಕ್ತಭೇದಿಯಿಂದ ಸೊರಗಿ ಮಲಗಿದೆಯೆಂದು ಭಾವಿಸೋಣ. ಅದರ ರಕ್ತವನ್ನು ಶಿವಮೊಗ್ಗದ ಪಶುವೈದ್ಯ ಮಹಾವಿದ್ಯಾಲಯಕ್ಕೆ ಒಯ್ದು ಪರೀಕ್ಷಿಸಿದರೆ ಉತ್ಕರ್ಷಣ ಒತ್ತಡದ ಸೂಚಕಗಳು ಏರಿರುವ ಸಂಭವವೇ ಹೆಚ್ಚು. ಆದರೆ ಆ ಏರಿಕೆ ತಿಳಿಸುವುದೇನನ್ನು? ಈ ವಿಷಯದ ಬರಹಗಳು ಹಲವೊಮ್ಮೆ ಈ ಪ್ರಶ್ನೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತವೆಂಬುದು ನಮ್ಮ ಆಕ್ಷೇಪ.

1978ರಲ್ಲಿ ಗುರುತಿಸಲ್ಪಟ್ಟ ನಾಯಿಯ ಪಾರ್ವೊ ವೈರಸ್ಸು ಸಣ್ಣಕರುಳಿನಲ್ಲಿ ಸದಾ ವಿಭಜನೆಗೊಳ್ಳುವ ಜೀವಕೋಶಗಳನ್ನು ನಾಶಮಾಡುತ್ತದೆ. ದೇಹದ ನೀರು ಬತ್ತಿ ಕರುಳಿನ ರಕ್ತಪ್ರವಾಹ ಕುಗ್ಗಿ ಮತ್ತೆ ಚೇತರಿಸಿದಾಗ ಸೂಪರಾಕ್ಸೈಡು ಹುಟ್ಟುತ್ತದೆ. ಅದು ಹೈಡ್ರೊಜನ್ ಪೆರಾಕ್ಸೈಡಾಗಿ ಮಾರ್ಪಡುತ್ತದೆ. ಕೆಟಲೇಸ್ ಕಿಣ್ವ ಇದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನಡುವೆ ಬಂಧಮುಕ್ತ ಕಬ್ಬಿಣ ದೊರೆತರೆ ಹೈಡ್ರಾಕ್ಸಿಲ್ ಕಣ ಹುಟ್ಟಿ ಕೋಶಪೊರೆಯ ಮೇದಸ್ಸನ್ನು ಕೆಡಿಸುತ್ತದೆ. ಉಕ್ಕಿನ ಊರಿನವರಿಗೆ ಇಲ್ಲಿ ತುಕ್ಕಿನ ಉಪಮೆ ಸಹಜವಾಗಿ ಹೊಳೆಯುವುದು. ಆದರೆ ತುಕ್ಕನ್ನು ಕಂಡವನು ನೀರು ಎಲ್ಲಿಂದ ಸೋರಿತೆಂದು ಮೊದಲು ಕೇಳಬೇಕಷ್ಟೆ.

2009ರಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಪಾರ್ವೊ ಪೀಡಿತ ನಾಯಿಗಳಲ್ಲಿ ಈ ಒತ್ತಡವನ್ನು ಅಳೆದು ತೋರಿಸಿದರು. 2018ರಲ್ಲಿ ಎನ್-ಅಸಿಟೈಲ್ ಸಿಸ್ಟೀನಿನಿಂದ ಅದು ತಗ್ಗಿತೆಂಬ ವರದಿಯೂ ಅಲ್ಲಿಂದಲೇ ಬಂದಿತು. ಇವು ಆದರಣೀಯ ಕಾರ್ಯಗಳು. ಆದರೆ ಇವನ್ನು ಅನುಸರಿಸಿ ಪ್ರಬಂಧ ಬರೆಯುವ ವಿದ್ಯಾರ್ಥಿ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು ಅಳತೆ. ಥಯೊಬಾರ್ಬಿಟ್ಯೂರಿಕ್ ಆಮ್ಲದೊಡನೆ ಕಾಯಿಸಿದಾಗ ಮೂಡುವ ಗುಲಾಬಿ ಬಣ್ಣ ಮೆಲಾನ್‌ಡೈಆಲ್ಡಿಹೈಡಿಗೇ ಮೀಸಲಾದುದಲ್ಲ. ಇತರ ದ್ರವ್ಯಗಳೂ ಅಲ್ಲಿ ಬಣ್ಣ ಕೊಡುತ್ತವೆ. ಭದ್ರಾವತಿಯಿಂದ ಸುಮಾರು 20 ಕಿಲೋಮೀಟರ್ ಸಾಗುವಾಗ ಸೀಸೆಯಲ್ಲಿ ರಕ್ತಕಣಗಳು ಒಡೆದರೆ, ನಾವು ಅಳೆಯುವುದು ರೋಗವನ್ನಲ್ಲ, ಪ್ರಯಾಣವನ್ನು. ನೀರು ಬತ್ತಿದ ದೇಹದಲ್ಲಿ ರಕ್ತವೇ ಸಾಂದ್ರವಾಗಿರುತ್ತದೆಂಬುದನ್ನೂ ಮರೆಯಲಾಗದು.

ಎರಡನೆಯದು ಹೋಲಿಕೆ. ಲಸಿಕೆ ಪಡೆದು ಪುಷ್ಟವಾಗಿ ಬೆಳೆದ ನಾಯಿಯನ್ನು ಕೊಕ್ಕೆಹುಳುವಿನಿಂದ ರಕ್ತಹೀನವಾದ ಮರಿಯೊಡನೆ ಹೋಲಿಸಿದರೆ, ಕಂಡ ಅಂತರಕ್ಕೆ ವಯಸ್ಸು, ಆಹಾರ, ಹುಳು ಎಲ್ಲವೂ ಪಾಲುದಾರರು. ಸಮವಯಸ್ಸಿನ, ಬೇರೆ ಕಾಯಿಲೆಯ ಮರಿಗಳ ಗುಂಪೊಂದು ಅವಶ್ಯ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸೂಚಕ ತಗ್ಗಿದುದು ಬೇರೆ, ಮರಿ ಬದುಕಿದುದು ಬೇರೆ. ಉತ್ಕರ್ಷಣ ನಿರೋಧಕದ ಸೀಸೆಗೆ ಬಡ ಮಾಲೀಕನು ತೆರುವ ಹಣ ಅಭಿಧಮನಿಯ ದ್ರವಚಿಕಿತ್ಸೆಗೆ ಸಲ್ಲಬೇಕಾದ ಹಣವೇ ಆಗಿರಬಹುದು. ಆದುದರಿಂದ ಎಷ್ಟು ಮರಿಗಳು ಬದುಕಿದವು, ಎಷ್ಟು ದಿನಗಳಲ್ಲಿ ಆಹಾರ ಮುಟ್ಟಿದವು ಎಂಬ ಲೆಕ್ಕವಿಲ್ಲದ ಪ್ರಬಂಧ ಅಪೂರ್ಣವೇ ಸರಿ.

ಈ ಸೂಚಕಗಳು ನಿರರ್ಥಕವೆಂದು ನಮ್ಮ ವಾದವಲ್ಲ. ರೋಗದ ತೀವ್ರತೆಯನ್ನು ಅರಿಯಲು ಅವು ನೆರವಾಗಬಹುದು. ಆದರೆ ಆರೆಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ ಹದಿನಾರು ವಾರಗಳವರೆಗೆ ಕ್ರಮವಾಗಿ ಹಾಕಿಸುವ ಲಸಿಕೆ ಈ ರೋಗವನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಪ್ರಯೋಗಶಾಲೆಯ ಸಂಖ್ಯೆ ಆ ಮರಿಯ ಬಳಿಗೆ ಮರಳಿ ಬಂದಾಗಲೇ ನಮ್ಮ ಸಂಶೋಧನೆ ಸಾರ್ಥಕವಾದೀತು.