ನಳಿಗೆಯ ದಪ್ಪ

ಜಿಂಕೆ ಬೇಟೆಗೆ ಎಂಥ ನಳಿಗೆ ಒಳ್ಳೆಯದು ಎಂಬ ಪ್ರಶ್ನೆ ನಮ್ಮ ಚಿಂಚೋಳಿ ಕಡೆ ಏಳುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. 2011ರಲ್ಲಿ ಇಲ್ಲಿಯ ಕಾಡು ವನ್ಯಜೀವಿ ಧಾಮವೂ ಆಯಿತು. ಒಳ್ಳೆಯದೇ ಆಯಿತು. ಬೋಲ್ಟ್ ರೈಫಲ್ಲಿನ ನಳಿಗೆಯನ್ನು ಮೆಚ್ಚಲು ಜಿಂಕೆ ಸಾಯಬೇಕಿಲ್ಲ, ಕೊಡಗಿಗೆ ಹೋದರೆ ಸಾಕು. ಅಲ್ಲಿ ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ಪೂಜೆ. ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರೆ. ಆಮೇಲೆ ಗುರಿ, ತೆಂಗಿನಕಾಯಿಗೆ.

ನಳಿಗೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಥೇಟ್ ಜೋಳದ ದಂಟು. ಮದ್ದು ಸಿಡಿದಾಗ ಒತ್ತಡದ ಜೋರೆಲ್ಲ ಬುಡದಲ್ಲೇ. ಗುಂಡು ಮುಂದೆ ಸಾಗಿದಂತೆ ಅದು ಇಳಿಯುತ್ತದೆ. ತುದಿಯನ್ನು ಎಷ್ಟು ಸಣ್ಣ ಮಾಡಬೇಕು ಎಂಬುದರಲ್ಲೇ ಕಸಬುದಾರಿಕೆ ಇರುವುದು. ಸಣ್ಣ ನಳಿಗೆ ಹೆಗಲಿಗೆ ಹಗುರ, ಆದರೆ ಬೇಟೆ ರೈಫಲ್ಲಿನ ನಾಲ್ಕಾರು ಗುಂಡಿಗೇ ಕಾದು ಗುರಿ ಸರಿಯಬಹುದು. ದಪ್ಪದ್ದು ನಿಧಾನವಾಗಿ ಕಾಯುತ್ತದೆ, ಕಡಿಮೆ ಅದುರುತ್ತದೆ. ಹೊರ ವ್ಯಾಸ ಎರಡು ಪಟ್ಟಾದರೆ ಬಿಗುವು ಸುಮಾರು 16 ಪಟ್ಟು! ಅದನ್ನು ಹೊತ್ತು ಗುಡ್ಡ ಹತ್ತುವವನ ಪಾಡು ಬೇರೆ.

ದಿನವಿಡೀ ನಡೆದು ಒಂದೇ ಗುಂಡು ಹಾರಿಸುತ್ತಿದ್ದ ಬೇಟೆಗಾರನಿಗೆ ಸಣ್ಣದೇ ಸರಿಯಿತ್ತು. ನಿಂತಲ್ಲೇ ಕಾಯಿಗೆ ಗುರಿ ಹಿಡಿಯುವವನಿಗಾದರೆ ನನ್ನ ಮತ ದಪ್ಪದ್ದಕ್ಕೆ. .22 ರೈಫಲ್ಲಿನಲ್ಲಿ ಕಾವಿನ ಚಿಂತೆ ಅಷ್ಟಿಲ್ಲ. ಆದರೂ ಮುಂದಿನ ತೂಕ ಕೈನಡುಕವನ್ನು ನುಂಗುತ್ತದೆ. ನೋಡುವ ಆಸೆಯಿದ್ದರೆ, ಕೊಡಗಿನ ಆ ಹಬ್ಬ ಸೆಪ್ಟೆಂಬರ್ 3ಕ್ಕೆ.