ಮಾತು, ಧಾತು ಮತ್ತು ಜಾಝ್: ಕೆಲವು ಧ್ವನಿಮುದ್ರಿಕೆಗಳನ್ನು ಕುರಿತು

ಪುಣೆಯ ಕನ್ನಡಿಗರಿಗೆ ಸಂಗೀತವೆಂದೊಡನೆ ನೆನಪಾಗುವುದು ಕುಂದಗೋಳ, ಗದಗಗಳ ದಾರಿಯಿಂದ ಇಲ್ಲಿಗೆ ಬಂದ ಖಯಾಲು. ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಆರಂಭವಾದ ಉತ್ಸವ, ಅದನ್ನು ಬೆಳೆಸಿದ ಭೀಮಸೇನ ಜೋಶಿಯವರು, ಅವರ ಕಂಠದಲ್ಲಿ ಮುದ್ರಿತವಾದ ದಾಸರ ಪದಗಳು ಈ ನಗರದ ಕನ್ನಡ ಮನೆಗಳ ಸ್ವಂತ ಆಸ್ತಿಯಂತೆಯೇ ಆಗಿವೆ. ಇಂಥ ಕೇಳುಗರ ಮುಂದೆ ಜಾಝ್ ಸಂಗೀತದ ಪ್ರಸ್ತಾಪ ಬಂದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ದೊರೆಯುತ್ತದೆ. ಅದು ನಮ್ಮದಲ್ಲ ಎನ್ನುವುದು ಒಂದು. ಅದು ಬರಿಯ ಫ್ಯೂಷನ್ ಎನ್ನುವುದು ಇನ್ನೊಂದು. ಮೊದಲನೆಯದನ್ನು ಅಭಿರುಚಿಯ ಮಾತೆಂದು ಬಿಟ್ಟುಬಿಡಬಹುದು. ಎರಡನೆಯದು ವಿಮರ್ಶೆಯ ವೇಷದಲ್ಲಿ ಬರುವುದರಿಂದ ಅದನ್ನು ಪರಿಶೀಲಿಸದೆ ಬಿಡುವಂತಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಮುಖ್ಯವಾಗಿ ಎರಡು ಧ್ವನಿಮುದ್ರಿಕೆಗಳನ್ನು ಎತ್ತಿಕೊಂಡಿದ್ದೇವೆ: ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ಮುದ್ರಿಸಿದ 'ಜ್ಯೋತಿ'; ಮತ್ತು ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅವರು 2004ರಲ್ಲಿ ಹೊರತಂದ 'ಮದರ್ ಟಂಗ್'. ಇವೆರಡರಲ್ಲಿಯೂ ಇರುವುದು ಹಳೆಯ ಕೃತಿಗಳ ಹೊಸ ನಿರೂಪಣೆಯಲ್ಲ, ಹೊಸದಾಗಿ ರಚಿತವಾದ ಕೃತಿಗಳು. ಕನ್ನಡ ಅಧ್ಯಯನದ ಪತ್ರಿಕೆಯಲ್ಲಿ ಇವುಗಳ ಚರ್ಚೆಗೆ ಏನು ಸ್ಥಾನ ಎಂಬ ಪ್ರಶ್ನೆ ಬರಬಹುದು. ಈ ಎರಡೂ ಕಡೆ ಮಾತಿಗೂ ನಾದಕ್ಕೂ ಇರುವ ಸಂಬಂಧವೇ ರಚನೆಯ ವಸ್ತುವಾಗಿದೆ. ಆ ಸಂಬಂಧವನ್ನು ಕುರಿತು ಯೋಚಿಸುವ ಹೊಣೆ ಸಂಗೀತಶಾಸ್ತ್ರದವರದು ಮಾತ್ರವಲ್ಲ.

ಮೊದಲು 'ಜ್ಯೋತಿ'. ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಕಾಲೇಜು ತಾಳವಾದ್ಯಗಳ ಶಿಕ್ಷಣಕ್ಕಾಗಿ ಹುಟ್ಟಿದ್ದು. ಮರಿಯಾನೊ (1923–2009) ಸ್ಟಾನ್ ಕೆಂಟನ್‌ರ ದೊಡ್ಡ ವಾದ್ಯವೃಂದದಲ್ಲಿ ನುಡಿಸಿ ಹೆಸರು ಮಾಡಿದವರು. 1960ರ ದಶಕದಲ್ಲಿ ಮಲೇಶಿಯಾದ ರೇಡಿಯೋ ವಾದ್ಯವೃಂದದೊಡನೆ ಕೆಲಸ ಮಾಡುತ್ತಿದ್ದಾಗ ನಾಗಸ್ವರದ ಪರಿಚಯವಾಗಿ, ಮುಂದೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಅಭ್ಯಾಸ ಮಾಡಿದವರು. ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆ ಹೊರತಂದ ಈ ತಟ್ಟೆಯಲ್ಲಿ ಆರು ರಚನೆಗಳಿವೆ. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ಇವುಗಳೊಡನೆ ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಜಾಝ್ ಎಂದೊಡನೆ ನಾವು ನಿರೀಕ್ಷಿಸುವ ಸ್ವರಮೇಳದ ಹಾಸು ಇಲ್ಲಿ ಇಲ್ಲವೇ ಇಲ್ಲ. ಅದರ ಸ್ಥಾನದಲ್ಲಿ ತಂಬೂರಿಯ ಶ್ರುತಿ ನಿಂತಿದೆ.

ಈ ರಚನೆಗಳು ರಮಾಮಣಿಯವರವು. ಹೊದಿಕೆಯ ಮೇಲೆ ಮೊದಲು ಬರುವ ಹೆಸರು ಮರಿಯಾನೊ ಅವರದು, ಅನಂತರ ಕಾಲೇಜಿನದು. ಮಾರಾಟದ ದೃಷ್ಟಿಯಿಂದ ಇದು ಅಚ್ಚರಿಯ ಸಂಗತಿಯೇನಲ್ಲ. ಆದರೆ ಇದರಿಂದ ಕೇಳುವ ಕ್ರಮವೇ ತಲೆಕೆಳಗಾಗುತ್ತದೆ. ವಿದೇಶಿ ಕಲಾವಿದರೊಬ್ಬರು ನಮ್ಮ ಲಯವಾದ್ಯಗಳನ್ನು ಹಿನ್ನೆಲೆಯಾಗಿ ಬಳಸಿಕೊಂಡರು ಎಂದು ಕೇಳುಗನು ಮೊದಲೇ ತೀರ್ಮಾನಿಸಿಬಿಡುತ್ತಾನೆ. ತಟ್ಟೆಯ ಮೊದಲ ರಚನೆ ಈ ತೀರ್ಮಾನವನ್ನು ಸುಳ್ಳುಮಾಡುತ್ತದೆ: ಅದರ ಹೆಸರೇ 'ವಾಯ್ಸ್ ಸೋಲೊ'. ಮುಖಪುಟದಲ್ಲಿ ಮೊದಲು ಹೆಸರಿಸಲಾದ ಕಲಾವಿದರು ಬರುವ ಮುನ್ನವೇ ರಚನಕಾರ್ತಿಯ ಕಂಠ ಎಲ್ಲೆಯನ್ನು ಗುರುತುಮಾಡಿಬಿಟ್ಟಿರುತ್ತದೆ. ಮರಿಯಾನೊ ಆ ಎಲ್ಲೆಯೊಳಕ್ಕೆ ಬರುವವರು.

ಇಲ್ಲಿಯೇ ನಮ್ಮ ಮುಖ್ಯ ಪ್ರಶ್ನೆ ಏಳುತ್ತದೆ. ರಮಾಮಣಿಯವರನ್ನು ವಾಗ್ಗೇಯಕಾರರೆನ್ನಬಹುದೇ? 13ನೆಯ ಶತಮಾನದ 'ಸಂಗೀತರತ್ನಾಕರ'ದಲ್ಲಿ ಶಾರ್ಙ್ಗದೇವನು ಹಾಡಿನ ಪದಭಾಗವನ್ನು ಮಾತು ಎಂದೂ ನಾದಭಾಗವನ್ನು ಧಾತು ಎಂದೂ ಕರೆದು, ಎರಡನ್ನೂ ಬಲ್ಲವನೇ ಉತ್ತಮ ವಾಗ್ಗೇಯಕಾರನೆನ್ನುತ್ತಾನೆ. ಧಾತುವಿನಲ್ಲಿ ಬಲ್ಲಿದನಾಗಿ ಮಾತಿನಲ್ಲಿ ಮಂದನಾದವನು ಅವನ ಪ್ರಕಾರ ಮಧ್ಯಮ. ('ಮಾತು' ಎಂಬ ಈ ಪಾರಿಭಾಷಿಕ ಶಬ್ದ ಕನ್ನಡ ಓದುಗನಿಗೆ ವಿಶೇಷವಾಗಿ ಹತ್ತಿರವೆನಿಸುವುದು ಸಹಜ, ಅದರಿಂದ ವ್ಯುತ್ಪತ್ತಿಯನ್ನು ಎಳೆಯುವ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು.) 'ಜ್ಯೋತಿ'ಯಲ್ಲಿ ಸಾಹಿತ್ಯಕ್ಕೆ ಪ್ರಾಧಾನ್ಯವಿಲ್ಲ. ರಚನೆಗಳು ಬಹುಮಟ್ಟಿಗೆ ಅಕಾರದ ಮೇಲೆ, ಸ್ವರಾಕ್ಷರಗಳ ಮೇಲೆ, ಸೊಲ್ಲುಕಟ್ಟಿನ ಮೇಲೆ ನಿಂತಿವೆ. ಶಾಸ್ತ್ರದ ಈ ವಾಕ್ಯವನ್ನು ಮಾತ್ರ ಹಿಡಿದು ಅಳೆದರೆ ಇವು ಎರಡನೆಯ ದರ್ಜೆಗೆ ಇಳಿಯುತ್ತವೆ.

ಆದರೆ ಅದೇ ಗ್ರಂಥ ಪ್ರಬಂಧಕ್ಕೆ ಆರು ಅಂಗಗಳನ್ನು ಹೇಳುತ್ತದೆ: ಸ್ವರ, ಬಿರುದು, ಪದ, ತೇನ, ಪಾಟ, ತಾಳ. ಪಾಟವೆಂದರೆ ವಾದ್ಯಾಕ್ಷರ. ಪದ ಒಂದು ಅಂಗವಾದಂತೆ ಪಾಟವೂ ಒಂದು ಅಂಗ. ಒಂದು ಇನ್ನೊಂದರ ಕೊರತೆಯನ್ನು ತುಂಬಲು ಬಂದ ಬದಲಿಯಲ್ಲ. ತಿಲ್ಲಾನದಲ್ಲಿ ಇದರ ಉಳಿಕೆಯನ್ನು ನಾವು ಇಂದಿಗೂ ಕೇಳುತ್ತೇವೆ. ಕೊನ್ನಕ್ಕೋಲಿನ ತಕಧಿಮಿ, ತದಿಗಿಣತೊಂಗಳಿಗೆ ನಿಘಂಟಿನ ಅರ್ಥವಿಲ್ಲವೆಂಬುದು ನಿಜ. ಆದರೆ ಅವುಗಳಿಗೆ ವ್ಯಾಕರಣವಿದೆ. ಐದು ಅಕ್ಷರದ ತದಿಗಿಣತೊಂ ಮೂರು ಸಲ ಬಂದರೆ ಹದಿನೈದಾಗುತ್ತದೆ, ಹದಿನಾರರ ಲೆಕ್ಕಕ್ಕೆ ಒಂದು ಅಕ್ಷರ ಕಡಿಮೆ. ಆ ಒಂದನ್ನು ಎಲ್ಲಿ ವಿರಾಮವಾಗಿ ಇಡಬೇಕೆಂಬುದರಲ್ಲಿಯೇ ಲಯಗಾರನ ಶೈಲಿ ಅಡಗಿದೆ. ಇದು ಷಟ್ಪದಿಯ ಗಣವಿಭಾಗಕ್ಕೆ ದೂರದ ವಿದ್ಯೆಯಲ್ಲ. ಆದ್ದರಿಂದ ರಮಾಮಣಿಯವರ ರಚನೆಗಳನ್ನು ಮಾತಿಲ್ಲದ ಹಾಡುಗಳೆಂದು ಕರೆಯುವುದಕ್ಕಿಂತ ಸ್ವರ, ಪಾಟ, ತಾಳಗಳೆಂಬ ಅಂಗಗಳಿಂದ ಕಟ್ಟಿದ ಪ್ರಬಂಧಗಳೆಂದು ಕರೆಯುವುದೇ ಹೆಚ್ಚು ಸರಿಯೆಂದು ನಮ್ಮ ಅಭಿಪ್ರಾಯ.

ಮರಿಯಾನೊ ಅವರ ವಾದನದ ಬಗ್ಗೆ ಎರಡು ಮಾತು ಹೇಳಬೇಕು. ಕಂಠದೊಡನೆ ಒಂದೇ ಧಾತುವನ್ನು ಜೊತೆಯಾಗಿ ನುಡಿಸುವಲ್ಲಿ ಅವರ ಸಂಯಮ ಮೆಚ್ಚತಕ್ಕದ್ದು. ಸ್ಯಾಕ್ಸೊಫೋನಿನ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕತ್ತರಿಸುತ್ತವೆ. ಗಮಕಕ್ಕೆ ಬೇಕಾದ ಜಾರು ತುಟಿಯ ಒತ್ತಡದಿಂದಲೇ ಬರಬೇಕು. ನಾಗಸ್ವರದ ಅಭ್ಯಾಸ ಅವರಿಗೆ ಇಲ್ಲಿ ನೆರವಿಗೆ ಬಂದಿದೆ. ಆದರೆ ಒಂಟಿಯಾಗಿ ಕಲ್ಪನೆ ಮಾಡುವಾಗ ಅವರು ರಾಗವನ್ನು ಸ್ವರಶ್ರೇಣಿಯಾಗಿ ಕಾಣುವ ಸಂದರ್ಭಗಳುಂಟು. ಯಾವ ಸ್ವರದಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು ಎಂಬ ನ್ಯಾಸದ ವಿವೇಚನೆ ಸಡಿಲವಾಗಿ, ಎಲ್ಲ ಸ್ವರಗಳೂ ಸಮಾನ ಹಕ್ಕಿನವಾಗುತ್ತವೆ. ಕರ್ನಾಟಕ ಸಂಗೀತದ ಕಿವಿಗೆ ಇದು ದೋಷ. ಜಾಝ್ ಕಿವಿಗೆ ಇದೇ ಸ್ವಾತಂತ್ರ್ಯ. ಈ ಭಿನ್ನತೆಯನ್ನು ಅಳಿಸದೆ ಹಾಗೆಯೇ ಕೇಳಿಸಿರುವುದು ಈ ತಟ್ಟೆಯ ಪ್ರಾಮಾಣಿಕತೆ.

ಕೊರತೆಗಳೂ ಇವೆ. ಎಲ್‌ಪಿ ತಟ್ಟೆಯ ಒಂದು ಮುಖದಲ್ಲಿ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದು ಕಷ್ಟ. ಹೀಗಾಗಿ ಕಛೇರಿಯಲ್ಲಿ ತನಿ ಆವರ್ತನ ಬೆಳೆಯುವ ನಿಧಾನ ಇಲ್ಲಿ ಸಾಧ್ಯವಾಗಿಲ್ಲ. ಕೋರ್ವೆಗಳು ಬಂದು ಮುಗಿಯುತ್ತವೆ, ಅವುಗಳ ಕಡೆಗೆ ನಡೆದು ಹೋಗುವ ದಾರಿ ಮೊಟಕಾಗಿದೆ. ಇನ್ನು ಇ.ಸಿ.ಎಂ. ಧ್ವನಿಮುದ್ರಣಗಳಿಗೆ ಪ್ರಿಯವಾದ ಆ ವಿಶಾಲವಾದ ಮಾರ್ದನಿ ಕಂಠಕ್ಕೆ ಒಪ್ಪಿದರೂ ಮೃದಂಗಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ರವೆ ಮೆತ್ತಿದ ಎಡಮುಖದ ಗುಮಕಿ ಕೇಳುಗನ ಮಗ್ಗುಲಲ್ಲೇ ಇರಬೇಕು. ಗುಡಿಯ ಆಚೆಯಿಂದ ಬಂದಂತಿರಬಾರದು.

ಈ ತಂಡ ಮುಂದೆ ಜರ್ಮನಿಯ ಡಬ್ಲ್ಯು.ಡಿ.ಆರ್. ಬಿಗ್ ಬ್ಯಾಂಡ್, ಸಂಯೋಜಕ ಮೈಕ್ ಹರ್ಟಿಂಗ್ ಮತ್ತು ಮರಿಯಾನೊ ಅವರೊಡನೆ 'ಸ್ಕೆಚಸ್ ಆಫ್ ಬ್ಯಾಂಗಲೂರ್' ಎಂಬ ಮುದ್ರಿಕೆಯನ್ನೂ ಮಾಡಿತು. ದೊಡ್ಡ ಜಾಝ್ ವಾದ್ಯವೃಂದವೆಂದರೆ ಕಹಳೆ, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಪಂಕ್ತಿಗಳು. ಹನ್ನೆರಡು ಹದಿಮೂರು ಮಂದಿ ಬರೆದ ಲಿಪಿಯನ್ನು ನೋಡಿ ಒಟ್ಟಾಗಿ ನುಡಿಸುತ್ತಾರೆ. ಅವರ ಪಕ್ಕದಲ್ಲಿ ಲಿಪಿಯ ಹಂಗಿಲ್ಲದ ಲಯವಾದಕರು ಕುಳಿತಾಗ ಕೆಲಸದ ಹಂಚಿಕೆ ಬದಲಾಗುವುದು ಅನಿವಾರ್ಯ. ಕೋರ್ವೆಯನ್ನು ಇಡೀ ಕಹಳೆಯ ಪಂಕ್ತಿ ಏಕಕಂಠವಾಗಿ ನುಡಿಯುವುದು ಇಂಥ ಮೇಳದಲ್ಲಿ ರೋಮಾಂಚಕಾರಿಯೇ. ಆದರೆ ಪಂಕ್ತಿಗಳು ಸ್ವರಮೇಳವನ್ನು ಹಾಸಿದ ಕೂಡಲೆ ರಾಗದ ಸೂಕ್ಷ್ಮ ಶ್ರುತಿಗೆ ಜಾಗ ಕಿರಿದಾಗುತ್ತದೆ. ವಾದ್ಯಗಳು ಹೆಚ್ಚಿದಂತೆ ರಚನೆ ದೊಡ್ಡದಾಗುತ್ತದೆಂಬ ನಂಬಿಕೆಯನ್ನು ನಾವು ಹಂಚಿಕೊಳ್ಳಲಾರೆವು. ಐದು ಮಂದಿಯ ಆಳವಿಲ್ಲದಿದ್ದರೂ ನಡೆಯಬಹುದೆಂಬ ಧೈರ್ಯ ದೊಡ್ಡ ಮೇಳಕ್ಕೆ ಸುಲಭವಾಗಿ ಬಂದುಬಿಡುತ್ತದೆ.

'ಮದರ್ ಟಂಗ್' ಬೇರೆಯೇ ದಾರಿ ಹಿಡಿದ ಕೃತಿ. ಅಮೆರಿಕದಲ್ಲಿ ಭಾರತೀಯ ಮೂಲದವರನ್ನು ಕಂಡಾಗ, ನೀವು 'ಇಂಡಿಯನ್' ಭಾಷೆ ಮಾತನಾಡುತ್ತೀರಾ ಎಂದು ಕೇಳುವುದುಂಟು. ಮಹಾಂತಪ್ಪ ಈ ಪ್ರಶ್ನೆಗೆ ಅನೇಕರು ತಮ್ಮ ತಮ್ಮ ಭಾಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನು ಸ್ವರಕ್ಕಿಳಿಸಿ, ಅದರಿಂದ ರಚನೆಗಳನ್ನು ಕಟ್ಟಿದರು. 'ತಮಿಳು', 'ತೆಲುಗು', 'ಮಲಯಾಳಂ', 'ಕೊಂಕಣಿ', 'ಗುಜರಾತಿ' ಎಂಬ ಹೆಸರಿನ ರಚನೆಗಳ ಜೊತೆಗೆ 'ಕನ್ನಡ' ಎಂಬ ಹೆಸರಿನದೂ ಇದೆ. ವಿಜಯ್ ಅಯ್ಯರ್ ಅವರ ಪಿಯಾನೊ, ಫ್ರಾನ್ಸ್ವಾ ಮೂಟಾನ್ ಅವರ ಬಾಸ್, ಎಲಿಯಟ್ ಹಂಬರ್ಟೊ ಕಾವೀ ಅವರ ಡ್ರಮ್‌ಗಳು ಜೊತೆಗಿವೆ. ಭಾರತೀಯ ವಾದ್ಯ ಒಂದೂ ಇಲ್ಲ.

ಕನ್ನಡಿಗನ ಕಿವಿ ಸಹಜವಾಗಿಯೇ ಆ ರಚನೆಯಲ್ಲಿ ತನ್ನ ನುಡಿಯನ್ನು ಹುಡುಕುತ್ತದೆ. ಹೆಸರನ್ನು ಮುಚ್ಚಿಟ್ಟು ಕೇಳಿಸಿದರೆ ಇದು ಕನ್ನಡ, ಅದು ತಮಿಳು ಎಂದು ಬಿಡಿಸಿ ಹೇಳಬಲ್ಲವರು ಇದ್ದಾರೆಂದು ನಮಗೆ ತೋರುವುದಿಲ್ಲ. ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ಸ್ಥಾಯಿಯ ಏರಿಳಿತ ಪದದ ಅರ್ಥವನ್ನು ಬದಲಿಸುವುದಿಲ್ಲ. ಅದು ವಾಕ್ಯದ ಭಾವಕ್ಕೆ ಸೇರಿದ್ದು, ಆಡುವವನ ಊರಿಗೆ ಸೇರಿದ್ದು. ಧಾರವಾಡದ ಪ್ರಶ್ನೆಯ ರಾಗ ಮೈಸೂರಿನ ಪ್ರಶ್ನೆಯ ರಾಗವಲ್ಲ, ಕಾಸರಗೋಡಿನದು ಎರಡೂ ಅಲ್ಲ. ಕನ್ನಡದ ಮೂಳೆಯಂತಿರುವುದು ಹ್ರಸ್ವ ದೀರ್ಘಗಳ ಭೇದ, ಒತ್ತಕ್ಷರದ ತೂಕ, ಅಂದರೆ ಲಘು ಗುರುಗಳ ವಿನ್ಯಾಸ. ಮಾತಿನ ಸ್ವರವನ್ನು ಮುಖ್ಯವಾಗಿ ಹಿಡಿದು ಹೊರಟ ರಚನೆಗೆ ಒಬ್ಬ ವ್ಯಕ್ತಿಯ ದನಿ ದಕ್ಕುತ್ತದೆ, ಭಾಷೆ ಅಷ್ಟಾಗಿ ದಕ್ಕುವುದಿಲ್ಲ. ಕನ್ನಡದ ದೃಷ್ಟಿಯಿಂದ ಇದು ಈ ಕೃತಿಯ ಮಿತಿ.

ಹಾಗೆಂದು ಇದನ್ನು ವಿಫಲ ಪ್ರಯೋಗವೆನ್ನಲಾಗದು. ಕೇಳಿದ ಪ್ರಶ್ನೆಯೇ ಅಜ್ಞಾನದಿಂದ ಹುಟ್ಟಿದ್ದು. ಅಂಥ ಒಂದು ಭಾಷೆಯೇ ಇಲ್ಲವೆಂಬುದು ಅದಕ್ಕಿರುವ ಉತ್ತರ. ಆರು ಭಾಷೆಗಳ ಹೆಸರನ್ನು ಒಂದರ ಪಕ್ಕ ಒಂದಾಗಿ ಇಡುವುದರಿಂದಲೇ ಆ ಉತ್ತರ ಸಿದ್ಧವಾಗುತ್ತದೆ. ವಿದೇಶದಲ್ಲಿ ಬೆಳೆದ ಎರಡನೆಯ ತಲೆಮಾರಿನ ಮಗುವಿಗೆ ಮನೆಯ ಭಾಷೆ ಅನೇಕ ವೇಳೆ ಅರ್ಥಕ್ಕಿಂತ ಮೊದಲು ದನಿಯಾಗಿಯೇ ತಲುಪುತ್ತದೆ, ಕೆಲವೊಮ್ಮೆ ದನಿಯಾಗಿಯೇ ಉಳಿಯುತ್ತದೆ. ಆ ಅನುಭವವನ್ನು ಕುರಿತು ಕನ್ನಡದಲ್ಲಿ ಕಥೆಗಳು ಬಂದಿವೆ. ಅದೇ ಅನುಭವವನ್ನು ನಾದದಲ್ಲಿ ಕಟ್ಟಿದ ಉದಾಹರಣೆ ವಿರಳ. ಇದೇ ಕಲಾವಿದರು 2008ರಲ್ಲಿ ಕದ್ರಿ ಗೋಪಾಲನಾಥರನ್ನು ಜೊತೆಗಿಟ್ಟುಕೊಂಡು ಮಾಡಿದ 'ಕಿನ್ಸ್‌ಮೆನ್' ಹೆಚ್ಚು ಜನಪ್ರಿಯವಾಯಿತು. ಎರಡು ಸ್ಯಾಕ್ಸೊಫೋನ್‌ಗಳ ಎದುರುಬದುರು ಮಾತುಕತೆ ಅದರ ಆಕರ್ಷಣೆ. ಗೋಪಾಲನಾಥರು 1980ರಲ್ಲಿಯೇ ಮುಂಬಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿಯವರೊಡನೆ ವೇದಿಕೆ ಹಂಚಿಕೊಂಡವರಾದುದರಿಂದ ಅವರಿಗೆ ಈ ಸಂವಾದ ಹೊಸದಾಗಿರಲಿಲ್ಲ. ಕೇಳಲು ಅದು ಹೆಚ್ಚು ಸುಖ. ಯೋಚಿಸಲು 'ಮದರ್ ಟಂಗ್' ಹೆಚ್ಚು ಕೊಡುತ್ತದೆ.

ಫ್ಯೂಷನ್ ಎಂಬ ಪದವನ್ನು ತಿರಸ್ಕಾರವಾಗಿ ಬಳಸುವ ಪುಣೆಯ ರಸಿಕರಿಗೆ ಒಂದು ಸಂಗತಿಯನ್ನು ನೆನಪಿಸಬಹುದು. ಇದೇ ನಗರದಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ನಡೆಸಿದ, ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ತ್ಯಾಗರಾಜರ 'ರಾಮ ನೀ ಸಮಾನಮೆವರು' ಕೃತಿಯನ್ನು ಹಾಡಿ ತಟ್ಟೆಗೆ ಮುದ್ರಿಸಿದ್ದಾರೆ. ಕಿರಾಣಾ ಗಾಯನದ ಸರಗಮ್‌ನ ಹಿಂದೆ ದಕ್ಷಿಣದ ಸ್ವರಪ್ರಸ್ತಾರದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಇಂದು ನಾವು ಶುದ್ಧ ಪರಂಪರೆಯೆಂದು ತಲೆದೂಗುವುದರಲ್ಲಿ ಒಂದು ಕಾಲದ ಕುತೂಹಲವೂ ಬೆರೆತಿದೆ. ವ್ಯತ್ಯಾಸವಿರುವುದು ಬೇರೆಡೆ. ಖಾನ್ ಸಾಹೇಬರು ದಕ್ಷಿಣದಿಂದ ಪಡೆದುದನ್ನು ತಮ್ಮ ಗಾಯನದೊಳಗೆ ಕರಗಿಸಿಕೊಂಡರು. 'ಜ್ಯೋತಿ'ಯಲ್ಲಿ ಎರಡು ಪದ್ಧತಿಗಳು ಕರಗದೆ ಅಕ್ಕಪಕ್ಕದಲ್ಲಿ ನಿಂತಿವೆ. ಯಾವುದು ಮೇಲೆಂಬುದನ್ನು ಹೆಸರಿನಿಂದ ತೀರ್ಮಾನಿಸಲಾಗದು, ಒಂದೊಂದು ರಚನೆಯನ್ನೂ ಕೇಳಿಯೇ ಹೇಳಬೇಕು.

ಕೊನೆಯದಾಗಿ ಸಂಗ್ರಹದ ಪ್ರಶ್ನೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಸಂಗೀತ ಸಂಗ್ರಹಾಲಯ 1982ರಲ್ಲಿ, 'ಜ್ಯೋತಿ'ಯ ಹಿಂದಿನ ವರ್ಷ, ಆರಂಭವಾದುದು ಪುಣೆಯಲ್ಲಿಯೇ. ಮುಂದೆ ಅದು ದೆಹಲಿಯ ಕಡೆಗೆ ಹೋಯಿತು. ಕ್ಷೇತ್ರಕಾರ್ಯದ ಧ್ವನಿಸುರುಳಿಗಳಿಗೆ ವಿದ್ವತ್ ವಲಯದಲ್ಲಿ ಮನ್ನಣೆ ದೊರೆತಷ್ಟು ಸುಲಭವಾಗಿ ಅಂಗಡಿಯಲ್ಲಿ ಮಾರಾಟವಾದ ತಟ್ಟೆಗಳಿಗೆ ದೊರೆಯುವುದಿಲ್ಲ. ಶಾಸ್ತ್ರೀಯ ಸಂಗೀತದ ಪಟ್ಟಿಯಲ್ಲಿ ಇವುಗಳನ್ನು ಸೇರಿಸುವವರಿಲ್ಲ, ಜಾನಪದದ ಪಟ್ಟಿಗೆ ಇವು ಸಲ್ಲುವುದಿಲ್ಲ. ರಮಾಮಣಿಯವರ ರಚನೆಗಳು ಸ್ವರಲಿಪಿ ಮತ್ತು ಸೊಲ್ಲುಕಟ್ಟುಗಳೊಡನೆ ಕನ್ನಡದಲ್ಲಿ ಪುಸ್ತಕರೂಪವಾಗಿ ಬರುವುದು ಅಗತ್ಯ. ಲಯದ ಲೆಕ್ಕವನ್ನು ಬಲ್ಲ ಸಂಪಾದಕರೂ ಛಂದಸ್ಸನ್ನು ಬಲ್ಲ ಸಂಪಾದಕರೂ ಒಟ್ಟಿಗೆ ಕುಳಿತರೆ ಮಾತ್ರ ಆ ಕೆಲಸ ಆಗುವಂಥದು. ಅಲ್ಲಿಯವರೆಗೆ, ಗ್ರಂಥಾಲಯಗಳ ಸೂಚಿಯಲ್ಲಿ 'ಜ್ಯೋತಿ'ಯನ್ನು ಹುಡುಕುವವರು ರ ಅಕ್ಷರವನ್ನು ಬಿಟ್ಟು ಮ ಅಕ್ಷರದಲ್ಲಿ, ಮರಿಯಾನೊ ಎಂಬ ಹೆಸರಿನಡಿ ನೋಡಬೇಕಾಗುತ್ತದೆ.